ನಮ್ಮಿಬ್ಬರ ನಡುವಿನ ಸ್ಟಾಪುಗಳು

ಜನವರಿ 9

ಪ್ರೀತಿಯ ಅತ್ತೆಗೆ ನಮಸ್ಕಾರ.

ಫೋನಿನಲ್ಲಿ ನಾವಿಬ್ಬರೂ ಮಾತಾಡುವುದನ್ನು ಯಾರಾದರೂ ಕದ್ದು ಕೇಳಿದರೆ ಅವರಿಗೆ ನಮ್ಮ ಮೇಲೆ ಕನಿಕರ ಬಂದೀತು. "ಊಟ ಆಯ್ತಾ?" "ಆಯ್ತು, ನಿಮ್ದು?" "ಆಯ್ತು." ಆಮೇಲೆ ಇಬ್ಬರೂ ಫೋನ್ ಇಟ್ಟುಬಿಡುತ್ತೇವೆ. ನಿಮ್ಮ ಮಗ ತೀರಿಹೋಗಿ ಎರಡು ವರ್ಷವಾಯಿತು. ಅವರಿದ್ದಾಗ ನಿಮ್ಮ ಮಾತನ್ನು ನನಗೆ, ನನ್ನ ಮಾತನ್ನು ನಿಮಗೆ ದಾಟಿಸುತ್ತಿದ್ದವರು ಅವರೇ ಅಂತ ಈಗ ಗೊತ್ತಾಗುತ್ತಿದೆ. ಅದಕ್ಕೇ ಕಾಗದ. ಇದರಲ್ಲೂ ಬರೀ ಊಟದ ವಿಷಯ ಬರೆದರೆ ಅಂಚೆಯವನಿಗೂ ಬೇಜಾರಾಗುತ್ತದೆ.

ಮೊದಲು ಮುಖ್ಯ ವಿಷಯ. ನಿಮ್ಮ ಮನೆ, ಕುರ್ಚಿ ರಿಪೇರಿ ಅಂಗಡಿ ಎರಡೂ ಇರುವ ಕಟ್ಟಡವನ್ನು ಮಾಲೀಕರು ಕೆಡವುತ್ತಾರೆ, ಏಪ್ರಿಲ್ ಕೊನೆಯೊಳಗೆ ಖಾಲಿ ಮಾಡಬೇಕು ಅಂತ ನೀವು ಹೇಳಿದ್ದು, ನಾಳೆ ಮೋಡ ಇರುತ್ತೆ ಅಂತ ಹೇಳಿದ ಹಾಗಿತ್ತು. ನಾನು ಇಡೀ ದಿನ ಅದನ್ನೇ ಯೋಚಿಸಿದೆ. ಅತ್ತೆ, ಈ ಊರಿಗೆ ಬಂದುಬಿಡಿ. ಇಲ್ಲಿ ಮುರಿದ ಕುರ್ಚಿಗಳಿಗೇನೂ ಬರವಿಲ್ಲ. ನನಗೂ ಆರು ತಿಂಗಳಿಂದ ಈ ಹಾಸ್ಟೆಲ್ ಸಾಕಾಗಿದೆ. ಎರಡು ರೂಮಿನ ಮನೆ ಹುಡುಕುತ್ತೇನೆ, ಮುಂದೆ ನಿಮ್ಮ ಕೆಲಸಕ್ಕೆ ಸ್ವಲ್ಪ ಜಾಗ ಇರುವಂಥದ್ದು.

ಟ್ರಾಮಿನ ದಾರಿಯಲ್ಲೇ ಹುಡುಕೋಣ ಅಂತ ತೀರ್ಮಾನಿಸಿದ್ದೇನೆ. ನಿಮಗೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಟ್ರಾಮಿನ ಬಾಗಿಲು ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ಇರುತ್ತದೆ, ಮಂಡಿ ಎತ್ತುವ ಅಗತ್ಯವೇ ಇಲ್ಲ, ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ ಹಾಗೆ ಹೋಗಬಹುದು. ನಮ್ಮ ಹಲ್ಲಿನ ಲ್ಯಾಬ್ ಇರುವುದು ಆಸ್ಪತ್ರೆ ಸ್ಟಾಪಿನಲ್ಲಿ. ಅಲ್ಲಿ ಮನೆಗಳು ಸಿಗುವುದಿಲ್ಲ, ಸಿಕ್ಕರೂ ಇಡೀ ಬೀದಿ ಔಷಧಿ ವಾಸನೆ. ಅದರ ಮುಂದಿನದು ನೀರಿನ ಟ್ಯಾಂಕಿ. ಅಲ್ಲಿ ಹಳಿ ತಿರುಗುತ್ತದೆ, ಗಾಡಿ ತಿರುಗುವಾಗ ಚಕ್ರ ಕಿರುಚುತ್ತದೆ, ನಮ್ಮ ಲ್ಯಾಬಿನ ಡ್ರಿಲ್ಲಿನ ಥರವೇ. ಆಮೇಲೆ ಲೈಬ್ರರಿ, ಆಮೇಲೆ ಹಳೇ ಗಿರಣಿ. ಲೈಬ್ರರಿಯ ಹತ್ತಿರ ಮರಗಳಿವೆ, ಆದರೆ ಎಲ್ಲಾ ಮನೆಗಳೂ ಮೂರನೇ ಮಹಡಿಯಲ್ಲಿ. ಪ್ರತಿ ಭಾನುವಾರ ಒಂದೊಂದು ಸ್ಟಾಪಿನಲ್ಲಿ ಇಳಿದು ನೋಡಿ ಬರೆಯುತ್ತೇನೆ.

ಬೀದಿಯಲ್ಲಿ ಏನೇನು ನೋಡಬೇಕು ಅಂತ ನೀವು ತಿಳಿಸಿ. ನನಗೆ ಬಾಯೊಳಗೆ ನೋಡಿ ಗೊತ್ತೇ ಹೊರತು ಬೀದಿ ನೋಡಿ ಗೊತ್ತಿಲ್ಲ.

ನಿಮ್ಮ ಸೊಸೆ


ಜನವರಿ 18

ಹುಡುಗಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಎರಡು ಸಲ ಓದಿದೆ, ಒಂದು ಸಲ ಕನ್ನಡಕ ಇಲ್ಲದೆ, ಇನ್ನೊಂದು ಸಲ ಹಾಕಿಕೊಂಡು. ಮಂಡಿಯ ಸುದ್ದಿ ನೀನು ಊರಿಗೆಲ್ಲ ಹೇಳಬೇಕಾಗಿಲ್ಲ. ನಲವತ್ತು ವರ್ಷ ನೆಲದ ಮೇಲೆ ಕೂತು ಬೆತ್ತ ಹೆಣೆದ ಮಂಡಿ ಅದು, ಅದಕ್ಕೂ ಸ್ವಲ್ಪ ಮುನಿಸು ಇರುತ್ತದೆ.

ಬೀದಿ ನೋಡುವುದು ಹೇಗೆ ಅಂತ ಕೇಳಿದ್ದೀಯ. ಕುರ್ಚಿ ನೋಡು. ಮನೆಯ ಮುಂದೆ, ಅಂಗಡಿಯ ಮುಂದೆ ಜನ ಹೊರಗೆ ಹಾಕಿದ ಕುರ್ಚಿ. ಒಂದೂ ಕುರ್ಚಿ ಹೊರಗಿಲ್ಲದ ಬೀದಿ ಬೇಡ, ಅಲ್ಲಿನವರು ಪಕ್ಕದವರ ಮುಖ ನೋಡುವುದಿಲ್ಲ. ಕುರ್ಚಿಗೆ ಸರಪಳಿ ಕಟ್ಟಿ ಬೀಗ ಹಾಕಿದ್ದರೆ ಅದೂ ಬೇಡ. ಸೀಟು ಹರಿದು ಸ್ಪಂಜು ಹೊರಗೆ ಬಂದದ್ದನ್ನು ಹಾಗೇ ಬಿಟ್ಟಿದ್ದರೆ ಅಲ್ಲಿನವರು ಸೋಮಾರಿಗಳು, ನನ್ನ ಹತ್ತಿರ ಬರುವುದಿಲ್ಲ. ಎಲ್ಲಾ ಕುರ್ಚಿಯೂ ಹೊಸದಿದ್ದರೆ ಅವರೂ ಬರುವುದಿಲ್ಲ. ಕೆಂಪು ಸೀಟಿಗೆ ನೀಲಿ ತೇಪೆ ಹಾಕಿ, ಸಿಕ್ಕ ದಾರದಲ್ಲಿ ಹೊಲಿದು, ಅದರ ಮೇಲೆ ಯಾರೋ ಕೂತು ಚಹಾ ಕುಡಿಯುತ್ತಿದ್ದರೆ ಅಲ್ಲಿ ನಿಂತು ಮನೆ ಕೇಳು.

ಇನ್ನು ನಿನ್ನ ಎರಡು ರೂಮಿನ ಮನೆಯ ವಿಷಯ. ಬೇಡ. ನನಗೊಂದು ಮನೆ, ನಿನಗೊಂದು ಮನೆ ನೋಡು. ಒಂದು ಒರೆಯಲ್ಲಿ ಎರಡು ಕತ್ತಿ ಯಾಕೆ? ಎಂಟು ವರ್ಷ ಒಂದೇ ಸೂರಿನ ಕೆಳಗಿದ್ದೆವು, ಅದು ಬೇರೆ ಮಾತು, ನಡುವೆ ಒಬ್ಬನಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಈಗ ನಿನ್ನ ಕಾಲ. ನಿನಗಿನ್ನೂ ಮೂವತ್ತಾರು. ನಿನ್ನ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ನೋಡುತ್ತಾ ಬಾಗಿಲಲ್ಲಿ ಒಬ್ಬ ಮುದುಕಿ ಸುತ್ತಿಗೆ ಹಿಡಿದು ಕೂತಿರುವುದು ಚೆನ್ನಾಗಿರುವುದಿಲ್ಲ. ಎರಡು ಸ್ಟಾಪು ದೂರ ಇದ್ದರೆ ಸಾಕು.

ಹಿಂದಿನ ತಿಂಗಳು ನಿನ್ನ ಅಮ್ಮ ಅಂಗಡಿಗೆ ಬಂದಿದ್ದರು. ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದೆವು ಅಂತ ಕೇಳಬೇಡ, ವಯಸ್ಸಾದವರ ಮಾತು. ಒಳ್ಳೆಯ ಹೆಂಗಸು.

ಅತ್ತೆ


ಫೆಬ್ರವರಿ 2

ಪ್ರೀತಿಯ ಅತ್ತೆಗೆ ನಮಸ್ಕಾರ.

ಉತ್ತರ ತಡವಾಯಿತು. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಬರೆಯಬಹುದು, ಅದು ಸುಳ್ಳೂ ಅಲ್ಲ.

ಎರಡು ಮನೆ ಅಂತ ಬರೆದಿದ್ದೀರಿ. ನಿಮ್ಮ ಇಷ್ಟ. ನಾನು ಕೇಳದೆಯೇ ಎಲ್ಲವನ್ನೂ ತೀರ್ಮಾನಿಸಿಬಿಟ್ಟಿದ್ದೆ, ಅದು ನನ್ನ ದುಡುಕು. ನೀವು ಮದುವೆಗೆ ಮೊದಲೂ ಆಮೇಲೂ ನಿಮ್ಮ ಅನ್ನ ನೀವೇ ದುಡಿದು ತಿಂದವರು. ಇಷ್ಟು ವರ್ಷ ಎಲ್ಲರಿಗೂ ಮಾಡಿದ್ದಾಯಿತು, ಈಗಲಾದರೂ ನಿಮ್ಮ ಪಾಡಿಗೆ ನೀವು ಇರಬೇಕು ಅನ್ನಿಸುವುದು ಸಹಜ. ಅವರು ಹೋದ ಒಂದು ತಿಂಗಳಿಗೇ ಅವರ ಮಂಚ, ಮೇಜು ಎರಡನ್ನೂ ನೀವು ಯಾರಿಗೋ ಕೊಟ್ಟುಬಿಟ್ಟಿರಿ. ಆಗಲೇ ನನಗೆ ಅರ್ಥವಾಗಬೇಕಿತ್ತು, ಹಳೆಯದನ್ನು ಕಣ್ಣೆದುರು ಇಟ್ಟುಕೊಳ್ಳುವುದು ನಿಮಗೆ ಇಷ್ಟವಿಲ್ಲ ಅಂತ. ನಾನೂ ಆ ಮನೆಯ ಹಳೆಯ ಸಾಮಾನೇ ಅಲ್ಲವೇ.

ಇದನ್ನು ಮುನಿಸಿನಿಂದ ಬರೆದಿಲ್ಲ. ತಪ್ಪು ತಿಳಿಯಬೇಡಿ.

ನೀವು ಹೇಳಿದ ಹಾಗೆ ಕುರ್ಚಿ ನೋಡಿದೆ. ಹಳೇ ಗಿರಣಿಯಲ್ಲಿ ಎಲ್ಲಾ ಕುರ್ಚಿಗೂ ಸರಪಳಿ. ಲೈಬ್ರರಿಯಲ್ಲಿ ಒಂದೇ ಒಂದು ಕುರ್ಚಿ, ಅದರ ಮೇಲೆ ಬೆಕ್ಕು. ನೀರಿನ ಟ್ಯಾಂಕಿಯ ಬೀದಿಯಲ್ಲಿ ಮಾತ್ರ ನೀವು ಬರೆದಂಥದ್ದೇ ಕಂಡೆ. ಕ್ಷೌರದಂಗಡಿಯ ಮುಂದೆ ಹಸಿರು ಕುರ್ಚಿ, ಅದಕ್ಕೆ ಹಳದಿ ತೇಪೆ, ಅದರ ಮೇಲೆ ಒಬ್ಬ ಅಜ್ಜ. ಆದರೆ ಅಲ್ಲಿ ಖಾಲಿ ಇದ್ದದ್ದು ಎರಡು ರೂಮಿನ ಮನೆ, ನಮಗೆ ಬೇಡದ್ದು. ಅದಕ್ಕೇ ಒಳಗೆ ಹೋಗಲಿಲ್ಲ.

ನಿಮಗೆ ಗಾಜಿನ ಫ್ಯಾಕ್ಟರಿ ಸ್ಟಾಪು ಹೊಂದುತ್ತದೆ ಅನ್ನಿಸುತ್ತದೆ. ಅಲ್ಲಿ ಪೀಠೋಪಕರಣದ ಅಂಗಡಿಗಳು ಸಾಲಾಗಿವೆ, ಕೆಲಸ ತಾನಾಗಿ ಬರುತ್ತದೆ. ನನ್ನ ಲ್ಯಾಬಿನಿಂದ ನಾಲ್ಕು ಸ್ಟಾಪು. ಎರಡೇ ಆದರೆ ನಾನು ದಿನಾ ಸಂಜೆ ಬಂದು ನಿಮ್ಮ ತಲೆ ತಿಂದೇನು.

ಲ್ಯಾಬಿನಲ್ಲಿ ಈ ವಾರ ಒಬ್ಬರಿಗೆ ಕೆಳಗಿನ ಹಲ್ಲಿನ ಸೆಟ್ ಮಾಡಿದೆ. ಹಾಕಿಕೊಂಡ ತಕ್ಷಣ ಅವರು ಹೆಂಡತಿಗೆ ಫೋನ್ ಮಾಡಿ ಜಗಳ ಶುರುಮಾಡಿದರು. ಹಲ್ಲಿಲ್ಲದೆ ಬೈಯುವುದಕ್ಕೆ ಆಗುತ್ತಿರಲಿಲ್ಲವಂತೆ. ನಿಮಗೆ ಇದನ್ನು ಹೇಳಬೇಕು ಅನ್ನಿಸಿತು.

ನಿಮ್ಮ ಸೊಸೆ


ಫೆಬ್ರವರಿ 12

ಹುಡುಗಿಗೆ,

ಕಾಗದ ತಲುಪಿತು. ನಾಲ್ಕು ಸ್ಟಾಪು ಸರಿ. ನೀನು ಯೋಚಿಸಿಯೇ ಬರೆದಿರುತ್ತೀಯ.

ಯೋಚಿಸಿದರೆ ನಾಲ್ಕೂ ಹತ್ತಿರವೇ ಅನ್ನಿಸುತ್ತದೆ. ಕೊನೇ ಸ್ಟಾಪು ಹೇಗಿದೆ? ಗಾಡಿ ಅಲ್ಲೇ ಹುಟ್ಟಿ ಅಲ್ಲೇ ಮಲಗುತ್ತದಲ್ಲ, ಹತ್ತಿದರೆ ಕೂರಲು ಜಾಗವಾದರೂ ಸಿಗುತ್ತದೆ. ನನ್ನ ತಲೆ ತಿನ್ನುವುದಕ್ಕೆ ಅಷ್ಟು ದೂರ ಯಾರೂ ಬರಬೇಕಾಗಿಲ್ಲ.

ಮಂಚ, ಮೇಜಿನ ವಿಷಯ ಬರೆದಿದ್ದೀಯ. ಅದಕ್ಕೆ ಉತ್ತರ ಬರೆಯಲು ಕೂತೆ, ಬರೆಯಲಾಗಲಿಲ್ಲ. ಬಿಡು.

ಹೆಂಡತಿಗೆ ಬೈದವನ ಕಥೆ ಪಕ್ಕದ ಟೈಲರಿಗೆ ಹೇಳಿದೆ. ಅವಳು ನಕ್ಕಳು.

ಅತ್ತೆ


ಫೆಬ್ರವರಿ 27

ಅತ್ತೆಗೆ ನಮಸ್ಕಾರ.

ಕೊನೇ ಸ್ಟಾಪು ನೋಡಿಕೊಂಡು ಬಂದೆ. ನೀವು ಹೇಳಿದಿರಿ ಅಂತ ಹೋದೆ, ಇಲ್ಲದಿದ್ದರೆ ಅತ್ತ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಅಲ್ಲಿರುವುದು ಟ್ರಾಮಿನ ಡಿಪೋ, ಅದರ ಪಕ್ಕ ಗೋದಾಮುಗಳು, ಗೋದಾಮುಗಳ ಹಿಂದೆ ಹೊಸದಾಗಿ ಕಟ್ಟಿದ ಉದ್ದನೆಯ ಕಟ್ಟಡ. ಬೀದಿ ಅಗಲವಾಗಿದೆ, ಜನರೇ ಇಲ್ಲ. ಗಾಳಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಿತ್ತು, ಅದನ್ನು ಹಿಡಿದು ನಿಲ್ಲಿಸುವವರೂ ಇರಲಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಯಾವ ಥರದ ಬೀದಿ ಅಂತ ನೀವೇ ಹೇಳಿ. ನೆಲಮಹಡಿಯಲ್ಲಿ ಒಂದು ರೂಮು ಖಾಲಿ ಇದೆ. ಕಿಟಕಿ ತೆರೆದರೆ ಗೋಡೆ.

ಒಬ್ಬಳೇ ಹೋಗಲು ಮನಸ್ಸಾಗಲಿಲ್ಲ, ಲ್ಯಾಬಿನ ಸಹೋದ್ಯೋಗಿಯೊಬ್ಬರು ಜೊತೆಗೆ ಬಂದರು. ಭಾನುವಾರ ಅವರಿಗೂ ಬೇರೆ ಕೆಲಸವಿಲ್ಲ. ಮಳೆ ಬಂತು, ಅವರ ಹತ್ತಿರ ಛತ್ರಿ ಇತ್ತು. ನಿಮ್ಮ ಬೆತ್ತದ ಕಟ್ಟು ಒಳಗೆ ಹೋಗುತ್ತದೋ ಇಲ್ಲವೋ ಅಂತ ಅವರೇ ತೋಳು ಚಾಚಿ ಬಾಗಿಲ ಅಳತೆ ನೋಡಿದರು. ವಾಪಸು ಬರುವಾಗ ಚಹಾ ಕೊಡಿಸಿ, "ನಿಮಗೆ ಬೇಕಾದ್ದು ಮನೆಯೋ, ಶಿಕ್ಷೆಯೋ?" ಅಂತ ಕೇಳಿದರು. ನಾನು ನಕ್ಕುಬಿಟ್ಟೆ. ತುಂಬಾ ದಿನವಾಗಿತ್ತು ಅಷ್ಟು ನಕ್ಕು.

ಆ ರೂಮು ಬೇಕೋ ಬೇಡವೋ ನೀವೇ ಹೇಳಬೇಕು. ಮುಂದಿನ ತಿಂಗಳು ಯಾರೂ ಬರುವುದಿಲ್ಲ ಅಂತ ಕಾವಲಿನವನು ಹೇಳಿದ. ಅದರ ಮುಂದಿನ ತಿಂಗಳೂ ಬರಲಿಕ್ಕಿಲ್ಲ ಅಂತ ಅವನ ಮುಖ ನೋಡಿದರೆ ಅನ್ನಿಸಿತು.

ನಾನು ಹಾಸ್ಟೆಲಿನಲ್ಲೇ ಮುಂದುವರಿಯುತ್ತೇನೆ. ಒಬ್ಬಳಿಗೆ ಮನೆ ಯಾಕೆ?

ಸೊಸೆ


ಮಾರ್ಚ್ 7

ಹುಡುಗಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಿಜವಾಗಿಯೂ ಸಂತೋಷವಾಯಿತು. ನೀನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ, ಆದರೆ ನಾನೂ ಒಂದು ಕಾಲದಲ್ಲಿ ಮಳೆಯಲ್ಲಿ ಬೇರೆಯವರ ಛತ್ರಿಯ ಕೆಳಗೆ ನಡೆದವಳೇ. ಮುದುಕಿಯ ಬೆತ್ತಕ್ಕೋಸ್ಕರ ತೋಳು ಚಾಚಿ ಬಾಗಿಲು ಅಳೆಯುವವರು ಒಳ್ಳೆಯವರೇ ಇರಬೇಕು. ನಿನ್ನನ್ನು ನಗಿಸಿದರಲ್ಲ, ನನಗೆ ಅಷ್ಟೇ ಸಾಕು. ಹಲ್ಲಿನ ಕೆಲಸದವರು, ಅವರ ಹಲ್ಲು ಚೆನ್ನಾಗಿರಬೇಕು ಅಂದುಕೊಂಡಿದ್ದೇನೆ.

ಸಂಕೋಚ ಪಡಬೇಡ. ಅವನು ಇದ್ದಿದ್ದರೆ ಅಂತ ಯೋಚಿಸಬೇಡ. ಅವನಿಗೆ ನೀನು ಮುಖ ಊದಿಸಿಕೊಂಡು ಕೂತರೆ ಆಗುತ್ತಿರಲಿಲ್ಲ, ನಿನಗೂ ಗೊತ್ತಿದೆ.

ಇನ್ನು ನನಗಾಗಿ ಮನೆ ಹುಡುಕುವುದನ್ನು ನಿಲ್ಲಿಸು. ನಾನು ಆ ಊರಿಗೆ ಬರುವುದಿಲ್ಲ. ನನ್ನ ತಮ್ಮ ತನ್ನ ಗ್ಯಾರೇಜಿನ ಹಿಂದಿನ ರೂಮು ಬಿಟ್ಟುಕೊಡುತ್ತೇನೆ ಅಂದಿದ್ದಾನೆ. ಅವನ ಹೆಂಡತಿ ಮೂಗು ಮುರಿಯುತ್ತಾಳೆ, ಆದರೆ ಅವಳು ಎಲ್ಲದಕ್ಕೂ ಮೂಗು ಮುರಿಯುವವಳು, ನನ್ನೊಬ್ಬಳಿಗೇ ಅಂತ ಏನಿಲ್ಲ. ಅಲ್ಲಿ ಹಳೆಯ ಕಾರಿನ ಸೀಟುಗಳಿಗೆ ಬಟ್ಟೆ ಹಾಕುವ ಕೆಲಸ ಸಿಗುತ್ತದೆ. ಕುರ್ಚಿಯಷ್ಟು ಚಂದ ಅಲ್ಲ, ಆದರೂ ಕೂರುವ ವಸ್ತುವೇ.

ಕೊನೇ ಸ್ಟಾಪಿನಲ್ಲಿ ನಾನಿದ್ದರೂ ನೀನು ಭಾನುವಾರ ಭಾನುವಾರ ಬಂದು ನೋಡಬೇಕಾಗುತ್ತದೆ. ಆ ಭಾನುವಾರಗಳು ಇನ್ನು ಮೇಲೆ ನಿನಗೆ ಬೇಕಾಗುತ್ತವೆ. ನಿನ್ನ ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡೆ ಅನ್ನುವ ಸಮಾಧಾನ ನನಗಿದೆ.

ಈ ಕೊನೆಯ ಸಾಲು ಬರೆಯಬಾರದಿತ್ತು. ಪೆನ್ನಿನಲ್ಲಿ ಬರೆದದ್ದು, ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ. ಓದಿ ಮರೆತುಬಿಡು.

ಚೆನ್ನಾಗಿರು.

ಅತ್ತೆ


ಮಾರ್ಚ್ 13

ಅತ್ತೆ,

ಮರೆಯುವುದಿಲ್ಲ.

ನಿಮ್ಮ ಕಾಗದ ಊಟದ ಬಿಡುವಿನಲ್ಲಿ ಓದಿದೆ. ಓದಿ, ಮೇಣದ ಅಚ್ಚನ್ನು ಬಿಸಿನೀರಿನಲ್ಲೇ ಬಿಟ್ಟು ಹೊರಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಒಬ್ಬರ ಇಡೀ ಕೆಳದವಡೆ ಕರಗಿ ಮುದ್ದೆಯಾಯಿತು, ಮತ್ತೆ ಮೊದಲಿಂದ ಮಾಡಿದೆ. ಅಮ್ಮ ಮೊದಲು ಏನೂ ಇಲ್ಲ ಅಂದಳು. ಆಮೇಲೆ ಅತ್ತಳು. ಆಮೇಲೆ ಎಲ್ಲಾ ಹೇಳಿದಳು. "ಅವಳಿಗೆ ಇನ್ನೊಂದು ಮದುವೆ ಆಗ್ಬೇಕು ಅಂದ್ರೆ ನೀವು ಅವಳ ಜೊತೆ ಇರಬಾರದು. ಮನೆಯಲ್ಲಿ ಹಳೇ ಗಂಡನ ತಾಯಿ ಕೂತಿದ್ರೆ ಯಾರು ತಾನೇ ಬರ್ತಾರೆ?" ಅಂತ ನಿಮ್ಮ ಅಂಗಡಿಯಲ್ಲಿ, ನೀವೇ ಹೆಣೆದ ಕುರ್ಚಿಯ ಮೇಲೆ ಕೂತು, ನಿಮಗೇ ಹೇಳಿದಳಂತೆ. ನೀವು ಒಂದೇ ಮಾತಿಗೆ ಆಯಿತು ಅಂದಿರಂತೆ.

ಅಮ್ಮ ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅವಳ ಮೇಲೆ ಕೋಪವಿಲ್ಲ. ಇದೆ, ಸ್ವಲ್ಪ ಇದೆ. ನಿಮ್ಮ ಮೇಲೆ ಜಾಸ್ತಿ ಇದೆ. ನನ್ನ ಜೀವನದ ವಿಷಯ ನೀವಿಬ್ಬರೂ ತೀರ್ಮಾನಿಸಿ, ನನಗೆ ಮಾತ್ರ ಕತ್ತಿ, ಒರೆ ಅಂತ ಗಾದೆ ಬರೆದು ಕಳಿಸಿದಿರಿ. ಎರಡು ತಿಂಗಳಿಂದ ನಾನು ಏನಂದುಕೊಂಡಿದ್ದೆ ಗೊತ್ತಾ? ಮಗನೇ ಇಲ್ಲದ ಮೇಲೆ ಇವಳು ನನಗೇನಾಗಬೇಕು ಅಂತ ನಿಮಗೆ ಅನ್ನಿಸಿದೆ ಅಂದುಕೊಂಡಿದ್ದೆ. ಅದಕ್ಕೇ ನಿಮಗೆ ಅನುಕೂಲವಾಗಲಿ ಅಂತ ಎರಡು ಸ್ಟಾಪನ್ನು ನಾಲ್ಕು ಮಾಡಿದೆ. ನೀವು ನನಗೆ ಅನುಕೂಲವಾಗಲಿ ಅಂತ ಕೊನೇ ಸ್ಟಾಪಿಗೆ ಹೋದಿರಿ. ಹಳಿ ಅಲ್ಲಿಗೆ ಮುಗಿಯಿತು, ಇಲ್ಲದಿದ್ದರೆ ನಾವಿಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತಾ ಮಾಡುತ್ತಾ ಸಮುದ್ರಕ್ಕೇ ಬೀಳುತ್ತಿದ್ದೆವು.

ಛತ್ರಿಯವರ ವಿಷಯ. ಅವರನ್ನು ಲ್ಯಾಬಿನಲ್ಲಿ ಎಲ್ಲರೂ ದವಡೆ ತಾತ ಅನ್ನುತ್ತಾರೆ. ಈ ವರ್ಷ ನಿವೃತ್ತಿ. ನಾಲ್ಕು ಮೊಮ್ಮಕ್ಕಳು, ಅವರ ಹೆಂಡತಿಯೇ ಆ ಛತ್ರಿ ಕೊಟ್ಟು ಕಳಿಸಿದ್ದು. ಅವರ ಹಲ್ಲು ಚೆನ್ನಾಗಿದೆಯೇ ಅಂತ ಕೇಳಿದ್ದೀರಿ. ಮೇಲಿನ ಸೆಟ್ ನಾನೇ ಮಾಡಿದ್ದು, ಬಹಳ ಚೆನ್ನಾಗಿದೆ.

ಈಗ ಇನ್ನೊಂದು ಮಾತು, ಇದನ್ನು ನೀವು ಕನ್ನಡಕ ಹಾಕಿಕೊಂಡೇ ಓದಬೇಕು. ನಾನು ಮತ್ತೆ ಮದುವೆಯಾಗಬಹುದು, ಆಗದೆಯೂ ಇರಬಹುದು. ಈಗಂತೂ ಮನಸ್ಸಿಲ್ಲ. ಯಾವತ್ತಾದರೂ ಮನಸ್ಸಾದರೆ ಮೊದಲು ನಿಮಗೇ ಹೇಳುತ್ತೇನೆ. ಬಾಗಿಲಲ್ಲಿ ಸುತ್ತಿಗೆ ಹಿಡಿದು ಕೂತ ನಿಮ್ಮನ್ನು ನೋಡಿ ಓಡಿಹೋಗುವ ಗಂಡಸು ನನಗೆ ಬೇಡ. ಕೂತು ಚಹಾ ಕುಡಿದು ಹೋಗುವ ಧೈರ್ಯ ಇರುವವನು ಬಂದರೆ ಆಗ ನೋಡೋಣ.

ನಿಮ್ಮ ಮಗನ ಮೇಲಿನ ಪ್ರೀತಿಗೆ ನಿಮ್ಮನ್ನು ಕರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕರ್ತವ್ಯ ಅಂತಲೂ ಅಲ್ಲ. ಸಂಜೆ ಕೆಲಸ ಮುಗಿಸಿ ಬಂದರೆ, ಇವತ್ತು ಹೀಗಾಯಿತು ಅಂತ ಹೇಳಲು ಯಾರೂ ಇಲ್ಲ. ರೂಮಿನಲ್ಲಿರುವ ಹುಡುಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿರುತ್ತಾಳೆ. ನೀವಾದರೆ, "ಕೆಲ್ಸ ಮಾಡ್ವಾಗ ಮಾತಾಡ್ಸಬೇಡ" ಅಂತ ಬೈದು, ಬಾಯಲ್ಲಿ ಮೊಳೆ ಇಟ್ಟುಕೊಂಡು ಪೂರ್ತಿ ಕೇಳುತ್ತೀರಿ. ನನಗೆ ನೀವು ಬೇಕು. ಎಂಟು ವರ್ಷದಲ್ಲಿ ಒಂದು ಸಲವೂ ಇದನ್ನು ಬಾಯಿಬಿಟ್ಟು ಹೇಳಿಲ್ಲ, ಹೇಳುವ ಅಗತ್ಯ ಇದೆ ಅಂತ ಗೊತ್ತಿರಲಿಲ್ಲ.

ನಿನ್ನೆ ನೀರಿನ ಟ್ಯಾಂಕಿಯಲ್ಲಿ ಇಳಿದು ಆ ಎರಡು ರೂಮಿನ ಮನೆ ಕೇಳಿದೆ. ಅದು ಬೇರೆಯವರಿಗೆ ಹೋಗಿಬಿಟ್ಟಿತ್ತು. ತೇಪೆ ಕುರ್ಚಿಯ ಅಜ್ಜ ನಾನು ಪೆಚ್ಚುಮೋರೆ ಹಾಕಿಕೊಂಡು ನಿಂತದ್ದನ್ನು ನೋಡಿ, "ಹಿಂದಿನ ಬೀದೀಲಿ ಇನ್ನೊಂದಿದೆ, ಸದ್ದು ಜಾಸ್ತಿ ಅಂತ ಯಾರೂ ತಗೊಳ್ಳಲ್ಲ" ಅಂದರು. ಹೋಗಿ ನೋಡಿದೆ. ಹಳಿ ತಿರುಗುವ ಮೂಲೆಯಲ್ಲೇ ಇದೆ, ಪ್ರತಿ ಗಾಡಿಗೂ ಕಿರುಚಾಟ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿ ಹಿಡಿಯಬೇಕು. ಬಚ್ಚಲಿನ ನಲ್ಲಿ ಸೋರುತ್ತದೆ. ಆದರೆ ಮುಂದೆ, ಬೀದಿಯ ಮಟ್ಟಕ್ಕೇ, ಹಿಂದೆ ಸೈಕಲ್ ಅಂಗಡಿ ಇದ್ದ ಜಾಗವಿದೆ. ಬೆಳಗಿನ ಬಿಸಿಲು ಬರುತ್ತದೆ. ಬಾಗಿಲು ಅಗಲ. ಮಾಲಕಿ ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದಾರೆ. ಆಮೇಲೆ ಒಬ್ಬ ಮೊಬೈಲ್ ರಿಪೇರಿಯವನಿಗೆ ಕೊಡುತ್ತಾರಂತೆ.

ಬರುತ್ತೀರೋ ಇಲ್ಲವೋ? ಗಾದೆ ಬೇಡ. ನೇರವಾಗಿ ಬರೆಯಿರಿ.

ಸೊಸೆ


ಮಾರ್ಚ್ 21

ಹುಡುಗಿ,

ಬರುತ್ತೇನೆ.

ಗಾದೆ ಬೇಡ ಅಂದಿದ್ದಕ್ಕೆ ಮೊದಲು ಅದೊಂದನ್ನೇ ಬರೆದು ಅಂಚೆಗೆ ಹಾಕೋಣ ಅಂದುಕೊಂಡೆ. ಆಮೇಲೆ ಅಷ್ಟಕ್ಕೇ ಒಂದು ಸ್ಟಾಂಪು ಹಾಳುಮಾಡುವುದು ಬೇಡ ಅನ್ನಿಸಿತು.

ನಿನ್ನ ಕಾಗದ ಬಂದಾಗ ಒಬ್ಬರ ಆರಾಮ ಕುರ್ಚಿಗೆ ಬೆತ್ತ ಎಳೆಯುತ್ತಿದ್ದೆ. ಕನ್ನಡಕ ಹಾಕಿಕೊಂಡೇ ಓದಿದೆ. ಸ್ವಲ್ಪ ಹೊತ್ತಿಗೆ ಅದನ್ನು ತೆಗೆದು ಒರೆಸಬೇಕಾಯಿತು. ಟೈಲರ್ ಬಂದು ಯಾರಿಗೇನಾಯಿತು ಅಂತ ಗಾಬರಿಯಾದಳು. "ಯಾರಿಗೂ ಏನೂ ಆಗಿಲ್ಲ, ನನ್ ಸೊಸೆ ನನ್ನನ್ನ ಬೈದಿದ್ದಾಳೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ನಿನ್ನ ಅಮ್ಮನನ್ನು ಇನ್ನು ಬೈಯಬೇಡ. ಅವರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ, ಈಗಲೂ ಪೂರ್ತಿ ಕಾಣುವುದಿಲ್ಲ. ತಾಯಿ ಅಂದಮೇಲೆ ಮಗಳಿಗೋಸ್ಕರ ಬೇರೆಯವರ ಹೊಟ್ಟೆ ಉರಿಸುತ್ತಾಳೆ, ನಾನೂ ನನ್ನವನಿಗೋಸ್ಕರ ಬೇಕಾದಷ್ಟು ಜನರ ಹೊಟ್ಟೆ ಉರಿಸಿದ್ದೇನೆ. ಮನೆಗೆ ಬಂದ ಮೇಲೆ ಅವರನ್ನು ಕರೆಸೋಣ. ಅಡುಗೆಮನೆಯಲ್ಲಿ ಮೂವರು ಹಿಡಿಸದಿದ್ದರೆ ಅವರನ್ನು ಹೊರಗೆ ಕೂರಿಸುತ್ತೇನೆ, ಕುರ್ಚಿಗೇನು ಕೊರತೆ.

ಮಂಚ, ಮೇಜಿನ ಮಾತಿಗೆ ಅವತ್ತು ಉತ್ತರ ಬರೆಯಲಾಗಲಿಲ್ಲ ಅಂದೆನಲ್ಲ. ಈಗ ಬರೆಯುತ್ತೇನೆ. ಬೆಳಿಗ್ಗೆ ಎದ್ದರೆ ಆ ಮಂಚದ ಕಡೆಯೇ ಕಣ್ಣು ಹೋಗುತ್ತಿತ್ತು. ಅಲ್ಲಿ ಅವನಿಲ್ಲ ಅಂತ ದಿನಾ ಹೊಸದಾಗಿ ಗೊತ್ತಾಗುತ್ತಿತ್ತು. ನನ್ನಿಂದ ಆಗಲಿಲ್ಲ, ಕೊಟ್ಟುಬಿಟ್ಟೆ. ನಿನ್ನನ್ನು ಕೇಳಬೇಕಿತ್ತು. ಹಳೆಯ ಸಾಮಾನು ಅಂತ ನಿನ್ನನ್ನು ನೀನು ಬರೆದುಕೊಂಡೆಯಲ್ಲ, ಆ ಸಾಲಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕೆಲವು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ. ಜಗಳ ಹೇಗೂ ಆಗುತ್ತದೆ, ಆದರೆ ಇವುಗಳಿಗೆ ಬೇಡ. ಬಿಸಿಲು ಬರುವ ಜಾಗ ನನ್ನದು. ನಲ್ಲಿಯನ್ನು ನಾನು ಬಂದ ಮೇಲೆ ರಿಪೇರಿ ಮಾಡುತ್ತೇನೆ, ದುಡ್ಡು ಕೊಟ್ಟು ಯಾರನ್ನೂ ಕರೆಸಬೇಡ. ಕಿರುಚುವ ಗಾಡಿಯ ಕಡೆಯ ಕೋಣೆಯೂ ನನಗಿರಲಿ, ನಿನಗೆ ನಿದ್ದೆ ಬೇಕು, ನಾನು ಹೇಗೂ ಬೆಳಿಗ್ಗೆ ಬೇಗ ಏಳುತ್ತೇನೆ. ಯಾರಾದರೂ ಚಹಾ ಕುಡಿಯುವ ಧೈರ್ಯದವನು ಬಂದರೆ ಮೊದಲ ದಿನವೇ ನನಗೆ ತೋರಿಸು. ಅವನು ಕುರ್ಚಿಯ ಮೇಲೆ ಹೇಗೆ ಕೂರುತ್ತಾನೆ ಅಂತ ನೋಡಿದರೆ ಸಾಕು, ಮಿಕ್ಕದ್ದು ನನಗೆ ಗೊತ್ತಾಗುತ್ತದೆ. ದವಡೆ ತಾತನ ಹೆಂಡತಿಗೆ ನನ್ನ ನಮಸ್ಕಾರ ಹೇಳು, ಛತ್ರಿಯ ವಿಷಯ ಏನೂ ಹೇಳಬೇಡ.

ತಮ್ಮನಿಗೆ ಬರುವುದಿಲ್ಲ ಅಂತ ತಿಳಿಸಿದೆ. ಅವನ ಹೆಂಡತಿ ಅದಕ್ಕೂ ಮೂಗು ಮುರಿದಳಂತೆ.

ನಿನ್ನೆ ಸಾಮಾನು ಸಾಗಿಸಲು ಲಾರಿ ಗೊತ್ತುಮಾಡಲು ಹೋಗಿದ್ದೆ. ಒಂದು ಮಾತು ನಿನಗೆ ಯಾವತ್ತೂ ಹೇಳಿರಲಿಲ್ಲ. ಈ ಎರಡು ವರ್ಷದಲ್ಲಿ ಅಂಗಡಿಗೆ ಬಂದ ಹಳೆಯ ಗಿರಾಕಿಗಳು ಯಾರಾದರೂ ಮಗ ಎಲ್ಲಿ ಅಂತ ಕೇಳಿದರೆ, ಊರಲ್ಲಿಲ್ಲ ಅನ್ನುತ್ತಿದ್ದೆ. ಅವರು ಯಾವಾಗ ಬರ್ತಾನೆ ಅನ್ನುತ್ತಿದ್ದರು. ನಿಜವಾದ ಮಾತು ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ.

ಲಾರಿಯವನು ಹೊಸಬ. "ಅಲ್ಲಿ ಸಾಮಾನು ಇಳಿಸ್ಕೊಳ್ಳೋಕೆ ನಿಮ್ಮವರು ಯಾರಿದ್ದಾರಮ್ಮಾ? ಮಗ ಇದ್ದಾನಾ?" ಅಂದ.

"ಮಗ ಇಲ್ಲ. ಸೊಸೆ ಇದ್ದಾಳೆ" ಅಂದೆ.

ಎರಡೂ ಒಂದೇ ಉಸಿರಿನಲ್ಲಿ ಬಂದವು. ಎರಡನೆಯದು ಹಿಂದೆಯೇ ನಿಂತಿತ್ತು ಅಂತಲೇ ಮೊದಲನೆಯದು ಹೊರಗೆ ಬಂತೇನೋ. ಅವನು ಸರಿ ಅಂತ ತಲೆಯಾಡಿಸಿ, ಕುರ್ಚಿಗಳನ್ನು ಕಟ್ಟಲು ನಿಮ್ಮ ಹತ್ತಿರ ಹಗ್ಗ ಇದೆಯಾ ಅಂತ ಕೇಳಿದ.

ನಿನ್ನ ಅತ್ತೆ